ದಿವಾನದ ಕೆಳಗಿನ ಕುರುಗೋಡು

ಹವ್ಯಾಸಗಳಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥವು, ಹೇಳಿಕೊಳ್ಳಲಾಗದಂಥವು ಎಂದು ಎರಡು ಬಗೆ. ತಬಲಾ ಬಾರಿಸುವವರು, ಗುಲಾಬಿ ಬೆಳೆಸುವವರು ಮೊದಲನೆಯ ಗುಂಪು. ಅವರ ಮನೆಗೆ ಬಂದವರು ತಾವಾಗಿಯೇ ವಿಚಾರಿಸುತ್ತಾರೆ, ತಲೆದೂಗುತ್ತಾರೆ, ಇನ್ನೊಂದು ಕಪ್ ಚಹಾ ಕುಡಿದು ಹೋಗುತ್ತಾರೆ. ನಾನು ಎರಡನೆಯ ಗುಂಪಿನವನು. ಮಕ್ಕಳು ಒಂದಕ್ಕೊಂದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಿವೆಯಲ್ಲ, ಅವುಗಳಿಂದ ರೈಲು ಕಟ್ಟುತ್ತೇನೆ. ಕಟ್ಟಿ ಸುಮ್ಮನಿರದೆ ಮನೆಯೊಳಗೆ ಹಳಿ ಹಾಕಿ ಓಡಿಸುತ್ತೇನೆ. ಐವತ್ತು ದಾಟಿದ ಗಂಡಸು ಬೋರಲು ಮಲಗಿ ದಿವಾನ ಮಂಚದ ಕೆಳಗೆ ಟಾರ್ಚ್ ಬಿಡುತ್ತಿರುವುದನ್ನು ಕಂಡವರು ‘ಏನ್ ಕಳಕಂಡೀರಿ?’ ಎಂದು ಕೇಳುತ್ತಾರೆ. ಮರ್ಯಾದೆ ಎಂದು ಹೇಳುವುದು ಸರಿಯಾದ ಉತ್ತರ. ನಾನು ಉಂಗುರ ಎನ್ನುತ್ತೇನೆ.

ಈ ಇಟ್ಟಿಗೆಗಳನ್ನು ನಾನು ತಂದದ್ದು ನನಗಾಗಿ ಅಲ್ಲ, ಮಗಳಿಗಾಗಿ. ಅವಳು ಬೆಳೆದು ಧಾರವಾಡಕ್ಕೆ ಓದಲು ಹೋದಳು. ನಾನು ಬೆಳೆಯಲಿಲ್ಲ. ಬಳ್ಳಾರಿಯಲ್ಲಿ ರೈಲ್ವೆ ಗೇಟಿನ ಪಕ್ಕ ಹುಟ್ಟಿ ಬೆಳೆದವನು ನಾನು. ಅದಿರು ತುಂಬಿದ ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಗುವುದನ್ನು ನೋಡುತ್ತಾ ನಿಂತು ಸಾಲೆಗೆ ತಡವಾಗಿ ಹೊಡೆತ ತಿಂದಿದ್ದೇನೆ. ಈಗ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ದಿನವಿಡೀ ಹೊಲಿಗೆ ಮಷಿನ್ನುಗಳ ನಡುವೆ ಓಡಾಡಿ, ‘ಜೇಬು ವಾರೆ ಆಗೈತಿ, ಬಿಚ್ರಿ’ ಎಂದು ಕೂಗಿ ಕೂಗಿ ಸಂಜೆ ಮನೆಗೆ ಬಂದರೆ ಕೈಗೆ ಇಟ್ಟಿಗೆ ಬೇಕೆನಿಸುತ್ತದೆ. ಚಪ್ಪಲಿ ಬಿಟ್ಟವನೇ ನೇರ ನೆಲಕ್ಕೆ. ಕಂದು ಇಟ್ಟಿಗೆ ಕೂಡಿಸಿ ಅದಿರಿನ ವ್ಯಾಗನ್ನುಗಳನ್ನು ಕಟ್ಟಿದ್ದೇನೆ, ಹಸಿರು ಇಟ್ಟಿಗೆಯ ಎಂಜಿನ್ ಕಟ್ಟಿದ್ದೇನೆ. ಅದರ ಹೊಟ್ಟೆಯೊಳಗೆ ಬ್ಯಾಟರಿ, ಮೋಟಾರು, ಕೈಯಲ್ಲಿ ರಿಮೋಟು.

ನಮ್ಮ ನಡುಮನೆಯ ಭೂಗೋಳವನ್ನು ಸ್ವಲ್ಪ ಹೇಳಬೇಕು. ಟಿವಿ ಸ್ಟ್ಯಾಂಡಿನ ಬುಡದಲ್ಲಿ ಬಳ್ಳಾರಿ. ಅಲ್ಲಿಂದ ಹಳಿ ಗೋಡೆಗುಂಟ ಹೋಗಿ ದಿವಾನದ ಕೆಳಗೆ ನುಗ್ಗುತ್ತದೆ. ಅದು ಕುರುಗೋಡು, ಗುಡ್ಡ ಬೇಕಲ್ಲ ಎಂದು ಮನೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಹಳೇ ಒರಳುಗುಂಡನ್ನು ಅಲ್ಲಿ ಕೂರಿಸಿದ್ದೇನೆ. ದಿವಾನದ ಕೆಳಗೆ ಒಂದು ಬಿಗಿ ತಿರುವು. ಅದನ್ನು ದಾಟಿ ಹೊರಬಿದ್ದರೆ ಅಡುಗೆಮನೆಯ ಹೊಸ್ತಿಲು, ಅಲ್ಲೊಂದು ಅಕ್ಕಿಚೀಲ. ಅದು ಸಿರುಗುಪ್ಪ, ನನ್ನ ಹೆಂಡತಿಯ ತವರೂರು. ನಿಜವಾದ ಕುರುಗೋಡಿಗೂ ಸಿರುಗುಪ್ಪಕ್ಕೂ ಇನ್ನೂ ರೈಲು ಬಂದಿಲ್ಲ. ನಮ್ಮ ಮನೆಯಲ್ಲಿ ಬಂದಿದೆ. ಹೆಂಡತಿಯ ತವರಿಗೆ ರೈಲು ತಂದ ಗಂಡನೆಂದು ನನಗೆ ಒಂದಿಷ್ಟು ಗೌರವ ಸಿಗಬಹುದೆಂದು ಅಂದುಕೊಂಡಿದ್ದೆ.

ಸಿಕ್ಕಿದ್ದು ಬೇರೆ. ‘ಇದೇನ್ ಮನೀನೋ ರೈಲ್ವೆ ಗೇಟೋ?’ ಎಂದು ಹೆಂಡತಿ ಗಿರಿಜಾ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ನಿಂತೇ ಕೇಳುತ್ತಿದ್ದಳು. ‘ನಮ್ಮ ಅಡಿಗಿಮನಿಗೆ ನಾ ಹೋಗಾಕ ನಿಮ್ಮ ಗೂಡ್ಸ್ ದಾಟೋಮಟ ನಿಂದ್ರಬೇಕೇನು?’ ಕಸ ಗುಡಿಸುವಾಗ ಅವಳ ಕಾಲಿಗೆ ಇಟ್ಟಿಗೆ ಚುಚ್ಚಿದ ದಿನ ನನಗೆ ಊಟಕ್ಕೆ ಬರೀ ಅನ್ನ, ಮಜ್ಜಿಗೆ. ಇಷ್ಟೆಲ್ಲ ಸಹಿಸಬಹುದಿತ್ತು. ಆದರೆ ರೈಲು ಕುರುಗೋಡಿನ ತಿರುವಿಗೆ ಬಂದಾಗ ಎರಡು ದಿನಕ್ಕೊಮ್ಮೆಯಾದರೂ ನಿಂತುಬಿಡುತ್ತಿತ್ತು. ಗಿರಿಜಾ ದಿವಾನದ ಮೇಲೆ ಕೂತು ತಲೆ ಬಾಚುವವಳು. ಒಮ್ಮೆ ವ್ಯಾಗನ್ನಿನ ಗಾಲಿಯಲ್ಲಿ ಉದ್ದದ ಕೂದಲೊಂದು ಜೋತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಷ್ಟು ಸಾಕಾಯಿತು. ರೈಲು ನಿಂತಾಗಲೆಲ್ಲ ‘ನಿನ್ನ ಕೂದಲು ಗಾಲಿ ಅಚ್ಚಿಗೆ ಸುತ್ತಿಕೊಂಡೈತಿ’ ಎಂದು ಗೊಣಗಿ, ಎಂಜಿನ್ನನ್ನು ಹಿಂದೆ ಮುಂದೆ ನೂಕಿ ಹೊರಡಿಸುತ್ತಿದ್ದೆ. ಎಂಜಿನ್ ಬಿಚ್ಚಿ ನೋಡುವ ಗೋಜಿಗೆ ಹೋಗಿರಲಿಲ್ಲ. ಕಷ್ಟಪಟ್ಟು ಕಟ್ಟಿದ್ದನ್ನು ಯಾರಾದರೂ ಬಿಚ್ಚುತ್ತಾರೆಯೇ?

ದಸರಾ ಹತ್ತಿರ ಬಂದಾಗ ಗಿರಿಜಾ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಡೆಯ ಮಾತು ಆಡಿದಳು. ‘ಆಯುಧ ಪೂಜಿಗೆ ಅಪ್ಪ ಬರ್ತಾನ. ಅವನ ಮುಂದ ನಿಮ್ಮ ರೈಲು ಬಳ್ಳಾರಿ ಬಿಟ್ಟು ಸಿರುಗುಪ್ಪ ಮುಟ್ಟಿ ವಾಪಸ್ ಬರ್ಲಿ. ಬಂದ್ರ ಇರ್ಲಿ. ನಡುವ ನಿಂತ್ರ ಮಾತ್ರ ಎಲ್ಲಾ ಕಿತ್ತು ಅಟ್ಟದ ಮ್ಯಾಲ. ಅಪ್ಪ ಹೆಂಗ ಹೇಳ್ತಾನೋ ಹಂಗ.’ ನಾನು ಒಪ್ಪಿದೆ. ಒಪ್ಪಿದ ಮೇಲೆ ತಪ್ಪು ಗೊತ್ತಾಯಿತು. ಏಕೆಂದರೆ ನಮ್ಮ ಮಾವ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ರೈಲೆಂದರೆ ಅವರಿಗೆ ಆಗದು. ‘ಅದೇನ್ ಗಾಡೀರಿ? ಕೈ ಮಾಡಿದ್ರ ನಿಂದ್ರಂಗಿಲ್ಲ, ಕೂಗಿದ್ರ ಕೇಳಂಗಿಲ್ಲ’ ಎನ್ನುವವರು. ಹುಟ್ಟು ವೈರಿಯನ್ನೇ ಪಂಚನನ್ನಾಗಿ ಕೂರಿಸಿದ ಗಿರಿಜಾಳ ಜಾಣತನಕ್ಕೆ ಒಳಗೊಳಗೇ ಕೈಮುಗಿದೆ. ಅಟ್ಟಕ್ಕೆ ಹೋದದ್ದು ನಮ್ಮ ಮನೆಯಲ್ಲಿ ಕೆಳಗಿಳಿದ ಇತಿಹಾಸವಿಲ್ಲ. ನನ್ನ ಹಾರ್ಮೋನಿಯಂ ಅಲ್ಲೇ ಇದೆ.

ಹಬ್ಬದ ದಿನ ಮಾವ ಬಂದರು. ಬೆಳಿಗ್ಗೆ ಯೂನಿಟ್ಟಿನ ಮಷಿನ್ನುಗಳಿಗೆ ಪೂಜೆ ಮುಗಿಸಿ, ಪ್ಯಾಂಟೂ ಬಿಚ್ಚದೆ ನಾನು ನಡುಮನೆಯಲ್ಲಿ ಹಳಿ ಒರೆಸುತ್ತಾ ಕೂತಿದ್ದೆ. ನನ್ನ ಸ್ಕೂಟರಿಗೆ ಪೂಜೆಯಾಯಿತು, ಗಿರಿಜಾಳ ಮಿಕ್ಸಿಗೆ ಆಯಿತು. ಮಾವ ನಡುಮನೆಗೆ ಬಂದು ರೈಲನ್ನು ಒಮ್ಮೆ ಸುತ್ತುಹಾಕಿ ನೋಡಿದರು. ಬಾಗಿ ಎಂಜಿನ್ನಿನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ‘ನಿಂಬಿಹಣ್ಣು ಎಲ್ಲಿ?’ ಎಂದರು.

‘ಇದಕ್ಕೂ ಬೇಕೇನ್ರಿ ಮಾವಾರ?’ ಎಂದೆ.

‘ಮತ್ತ? ನಿಂಬಿಹಣ್ಣು ತುಳೀಲಾರದ ಗಾಡಿ ಬಿಡ್ತಾರೇನ್ರಿ ಅಳಿಯಂದ್ರ? ಅಷ್ಟು ವರ್ಷದಾಗ ಒಮ್ಮಿನೂ ಹಂಗ ಬಿಟ್ಟಿಲ್ಲ ನಾವು’ ಎಂದು ಹಣ್ಣನ್ನು ತಂದು ಎಂಜಿನ್ನಿನ ಮುಂದೆ ಹಳಿಯ ಮೇಲೆ ಇಟ್ಟರು. ಹಣ್ಣು ಹೆಚ್ಚುಕಮ್ಮಿ ಎಂಜಿನ್ನಿನಷ್ಟೇ ಎತ್ತರವಿತ್ತು. ಗುಡ್ಡದಿಂದ ಬಂಡೆಯೊಂದು ಉರುಳಿ ಬಂದು ಕೂತ ಹಾಗೆ ಕಂಡಿತು. ಗಿರಿಜಾ ಬಾಗಿಲ ಚೌಕಟ್ಟಿಗೆ ಒರಗಿ ಅಟ್ಟದ ಕಡೆ ಕಣ್ಣು ಹಾಯಿಸಿದಳು. ಹೋಳು ಇಡೋಣವೆಂದರೆ ರಸಕ್ಕೆ ಗಾಲಿ ಜಾರುತ್ತದೆ. ಕೊನೆಗೆ ಒಂದು ದಾರಿ ಹೊಳೆಯಿತು. ‘ಬೀಜ ಇಡೋಣೇನ್ರಿ? ಬೀಜನೂ ಹಣ್ಣಿಂದ ಅಲ್ಲೇನು?’ ಎಂದೆ. ಮಾವ ಗದ್ದ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. ‘ನಡೀತೈತಿ’ ಎಂದರು. ‘ಸಣ್ಣ ಗಾಡಿಗೆ ಸಣ್ಣ ಶಾಸ್ತ್ರ.’ ಹಣ್ಣು ಕೊಯ್ದು, ಬೀಜ ತೆಗೆದು, ಪಂಚೆಯ ಅಂಚಿಗೆ ಒರೆಸಿ ಹಳಿಯ ಮೇಲಿಟ್ಟರು.

‘ರೈಟ್!’ ಎಂದು ಕೂಗಿದರು. ನಾನು ಗುಂಡಿ ಒತ್ತಿದೆ. ಗಾಲಿಗೆ ಸಿಕ್ಕ ಬೀಜ ಚಿಮ್ಮಿ ಟಿವಿಯ ಹಿಂದೆ ಹೋಯಿತು, ರೈಲು ಬಳ್ಳಾರಿ ಬಿಟ್ಟಿತು. ಮಾವ ಅದರ ಪಕ್ಕದಲ್ಲೇ ನಡೆದರು. ದಿವಾನ ಹತ್ತಿರ ಬರುತ್ತಲೇ ಅವರಿಗೇನಾಯಿತೋ, ಕುತ್ತಿಗೆಯ ನರ ಉಬ್ಬಿಸಿ ‘ಕುರುಗೋಡು, ಕುರುಗೋಡು! ಇಳಿಯವ್ರು ಮುಂದ ಬರ್ರೀ! ದಿಗಂಡಿ, ದಿಗಂಡಿ!’ ಎಂದು ಕನ್ನಡ, ತೆಲುಗು ಎರಡರಲ್ಲೂ ಕೂಗಿದರು. ನಿವೃತ್ತಿಯಾದ ಮೇಲೆ ಅಪ್ಪನ ಈ ದನಿಯನ್ನೇ ಕೇಳಿರಲಿಲ್ಲವೆಂದು ಗಿರಿಜಾ ಆಮೇಲೆ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಆದರೆ ಆ ಕೂಗಿನ ನಡುವೆ ದಿವಾನದ ಕೆಳಗೆ ಹೋದ ರೈಲು ಹೊರಗೆ ಬರಲಿಲ್ಲ. ಮೋಟಾರು ಗುರ್ ಎನ್ನುತ್ತಿತ್ತು, ಗಾಡಿ ಕದಲುತ್ತಿರಲಿಲ್ಲ.

‘ನಿಂತಿತು’ ಎಂದಳು ಗಿರಿಜಾ.

‘ನಿನ್ನ ಕೂದಲಾ!’ ಎಂದೆ ನಾನು.

‘ಹೋಲ್ಡಾನ್!’ ಎಂದು ಮಾವ ಬಸ್ಸು ನಿಲ್ಲಿಸುವ ಗತ್ತಿನಲ್ಲಿ ಇಬ್ಬರನ್ನೂ ಸುಮ್ಮನಾಗಿಸಿದರು. ಪಂಚೆ ಮೇಲೆ ಕಟ್ಟಿ ನನ್ನ ಪಕ್ಕದಲ್ಲಿ ಬೋರಲು ಮಲಗಿ ಟಾರ್ಚ್ ಹಿಡಿದರು. ಗಿರಿಜಾ ಬಿಡಲಿಲ್ಲ. ‘ಅಪ್ಪಾ, ನಡುವ ನಿಂತ್ರ ಅಟ್ಟ ಅಂತ ಮಾತಾಗೈತಿ. ನೀನ ಹೇಳು ಈಗ.’

‘ಸುಮ್ಕಿರವ್ವಾ. ಗಾಡಿ ಕೆಟ್ಟು ನಿಂತ್ರ ಟ್ರಿಪ್ ಮುಗೀತು ಅಂತಾರೇನು? ಮಂದೀನ ಕುರುಗೋಡದಾಗ ಬಿಟ್ಟು ಮನಿಗೆ ಹೋಗಾಕ ಬರ್ತೈತೇನು? ರಿಪೇರಿ ಮಾಡ್ರಿ ಅಳಿಯಂದ್ರ. ನನ್ನ ಗಾಡಿ ಸಿರುಗುಪ್ಪ ಮುಟ್ಲಾರದ ಯಾವತ್ತೂ ಉಳಿದಿಲ್ಲ.’

‘ನನ್ನ ಗಾಡಿ’ ಎಂದದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಗಿರಿಜಾಳ ಮುಖ ಸಣ್ಣದಾಯಿತು. ನಾನು ಹುಮ್ಮಸ್ಸಿನಿಂದ ಎಂಜಿನ್ನನ್ನು ಹೊರಗೆಳೆದು, ಹೆಂಡತಿಯ ಕೂದಲನ್ನು ಅವಳಪ್ಪನ ಮುಂದೆಯೇ ತೋರಿಸುವ ಆಸೆಯಿಂದ ಒಂದೊಂದೇ ಇಟ್ಟಿಗೆ ಬಿಚ್ಚಿದೆ. ಅಚ್ಚು ಹೊರಬಂತು. ಅದಕ್ಕೆ ಬಿಗಿಯಾಗಿ ಸುತ್ತಿಕೊಂಡದ್ದು ಕೂದಲಲ್ಲ. ದಪ್ಪ ಹಳದಿ ದಾರ, ಪದರ ಪದರವಾಗಿ. ಜೀನ್ಸ್ ಹೊಲಿಯುವ ದಾರ.

ಗಿರಿಜಾ ಅದನ್ನು ಬೆರಳಲ್ಲಿ ಎಳೆದು ಬಿಡಿಸಿದಳು. ನೆಲದ ಮೇಲೆ ಕೂತು, ನನ್ನ ಪ್ಯಾಂಟಿನ ತುದಿಗೆ ಅಂಟಿಕೊಂಡಿದ್ದ ದಾರದ ತುಂಡುಗಳ ಪಕ್ಕ ಹಿಡಿದು ನೋಡಿದಳು. ‘ನನ್ನ ಕೂದ್ಲು ಯಾವಾಗ ಹಳದಿ ಆತ್ರಿ?’ ಎಂದು ಬಹಳ ಮೆತ್ತಗೆ ಕೇಳಿದಳು. ಮಾವ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿ ಎಂಜಿನ್ ಕಟ್ಟಿದೆ.

ರೈಲು ಮತ್ತೆ ಹೊರಟು ಕುರುಗೋಡು ದಾಟಿ ಸಿರುಗುಪ್ಪದ ಅಕ್ಕಿಚೀಲ ಮುಟ್ಟಿತು, ಮುಟ್ಟಿ ವಾಪಸ್ ಬಳ್ಳಾರಿಗೂ ಬಂತು. ಮಾವ ತೀರ್ಪು ಕೊಟ್ಟರು: ಹಳಿ ಇರಲಿ. ಇರುವುದಷ್ಟೇ ಅಲ್ಲ, ಸಿರುಗುಪ್ಪಕ್ಕೆ ಬಂದ ಗಾಡಿ ತಮ್ಮ ಹುಟ್ಟೂರು ಹಚ್ಚೊಳ್ಳಿಗೂ ಹೋಗಬೇಕು. ನಮ್ಮ ಭೂಗೋಳದ ಪ್ರಕಾರ ಹಚ್ಚೊಳ್ಳಿ ಬರುವುದು ಅಡುಗೆಮನೆಯ ಒಳಗೆ, ಗ್ಯಾಸ್ ಸಿಲಿಂಡರಿನ ಹತ್ತಿರ. ಗಿರಿಜಾ ಹಣೆ ಚಚ್ಚಿಕೊಂಡಳು, ಆದರೆ ಅಪ್ಪನ ಮುಖ ನೋಡಿ ಬೇಡವೆನ್ನಲಿಲ್ಲ. ಬದಲಿಗೆ ಒಂದು ಷರತ್ತು ಹಾಕಿದಳು, ಮಾವ ಅದಕ್ಕೂ ರೈಟ್ ಎಂದರು.

ಆದ್ದರಿಂದ ಈಗ ರೈಲು ದಿನಾ ತಡೆಯಿಲ್ಲದೆ ಹಚ್ಚೊಳ್ಳಿಯವರೆಗೆ ಓಡುತ್ತಿದೆ. ಗಿರಿಜಾ ದಿವಾನದ ಮೇಲೆ ಕೂತು ನಿಶ್ಚಿಂತೆಯಿಂದ ತಲೆ ಬಾಚುತ್ತಾಳೆ. ನಾನು ಸಂಜೆ ಯೂನಿಟ್ಟಿನಿಂದ ಬಂದು ಚಪ್ಪಲಿ ಬಿಟ್ಟರೆ ಒಳಗಿನಿಂದ ‘ಹೋಲ್ಡಾನ್!’ ಎಂಬ ಅವಳ ಕೂಗು ಬರುತ್ತದೆ. ಓಣಿಯವರೆಲ್ಲ ನೋಡುತ್ತಿರುವಂತೆಯೇ ಜಗುಲಿಯಲ್ಲಿ ಲುಂಗಿ ಸುತ್ತಿಕೊಂಡು ಪ್ಯಾಂಟು ಕಳಚುತ್ತೇನೆ, ದಾರ ಉದುರುವಂತೆ ಗೋಡೆಯಾಚೆ ಝಾಡಿಸುತ್ತೇನೆ. ‘ಏನ್ ಕಳಕಂಡೀರಿ?’ ಎಂದು ಈಗ ಯಾರೂ ಕೇಳುವುದಿಲ್ಲ. ಕಂಡಕ್ಟರನ ಮಗಳು ಬಾಚಣಿಗೆ ಹಿಡಿದು ಬಾಗಿಲಿಗೆ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿ, ‘ರೈಟ್’ ಎಂದ ಮೇಲೆಯೇ ನಾನು ನನ್ನ ಮನೆಯೊಳಗೆ ಹೋಗುತ್ತೇನೆ.