ಒಂದು ತಿರುವು ನಿಂದು, ಒಂದು ತಿರುವು ನಂದು

ಹೊಸ ಕಾರಿಗೆ ನಿಂಬೆಹಣ್ಣು ಕಟ್ಟಿದ ದಿನವೇ ಶಾಂತಪ್ಪನವರು ಘೋಷಿಸಿಬಿಟ್ಟರು:

"ಇವತ್ತಿನಿಂದ ಈ ಮುಂಬೈನ್ಯಾಗ ನಾ ಯಾರನ್ನೂ ದಾರಿ ಕೇಳಂಗಿಲ್ಲ! ಬೇಕಾದ್ರ ಮುಂಬೈನ ನನ್ನ ಕೇಳ್ಲಿ!"

ಕಾರಣವಿತ್ತು. ಕಾರಿನ ಎದೆಯಲ್ಲೇ ದೊಡ್ಡದೊಂದು ಪರದೆ, ಪರದೆಯೊಳಗೆ ನಕ್ಷೆ, ನಕ್ಷೆಯೊಳಗಿಂದ ಇಂಗ್ಲಿಷಿನಲ್ಲಿ ದಾರಿ ಹೇಳುವ ಒಬ್ಬ ಮೇಡಮ್ಮು. ದಹಿಸರ್‌ನಲ್ಲಿ ನಲ್ಲಿ, ಬೇಸಿನ್, ಟೈಲ್ಸು ಮಾರುತ್ತ ತಲೆ ನರೆಸಿಕೊಂಡ ಶಾಂತಪ್ಪನವರಿಗೆ ಇಷ್ಟು ಶುದ್ಧ ಇಂಗ್ಲಿಷಿನಲ್ಲಿ ಇದುವರೆಗೆ ಯಾರೂ ಮಾತಾಡಿಸಿರಲಿಲ್ಲ. ಅವರು ಮೊದಲ ದಿನವೇ ಸೋತುಹೋಗಿದ್ದರು.

ಹೆಂಡತಿ ದೇವಕ್ಕ ಮಾತ್ರ ಸೋಲಲಿಲ್ಲ. ಅವರ ಮೊಬೈಲಿನಲ್ಲೂ ನಕ್ಷೆಯಿತ್ತು, ಅದು ಕನ್ನಡದಲ್ಲೇ ಮಾತಾಡುತ್ತಿತ್ತು.

"ಫೋನು ಅಂದ್ರ ಬಾಡಿಗಿ ಮನಿ ಇದ್ದಂಗ," ಎಂದು ಶಾಂತಪ್ಪನವರು ತತ್ವ ಹೇಳಿದರು. "ನೆಟ್‌ವರ್ಕ್ ಹೋತು, ನೀ ಬೀದಿಗೆ ಬಿದ್ದಿ. ಇದು ಸ್ವಂತ ಮನಿ. ಗಾಡಿ ಜೋಡಿನ ಹುಟ್ಟೇತಿ!"

"ಹುಟ್ಟೇತಿ ಖರೆ. ಹುಟ್ಟಿದ ಮ್ಯಾಲೆ ಏನೂ ಕಲ್ತಿಲ್ಲಲ್ರಿ!" ಎಂದರು ದೇವಕ್ಕ. "ಮನ್ನೆ ಹೊಸಾ ಫ್ಲೈಓವರ್ ಮ್ಯಾಲೆ ಹೋಗುಮುಂದ ನಿಮ್ಮ ಪರದೆದಾಗ ಗಾಡಿ ಗದ್ದಿಯೊಳಗ ಓಡಾಕತ್ತಿತ್ತು. ರಂಟಿ ಹೂಡಿ ಹೊಲಾ ಉಳಾಕ ಹೊಂಟಂಗ!"

ಇಂಥ ಜಗಳ ಮನೆಯೊಳಗೇ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಷ್ಟರಲ್ಲಿ ದೇವಕ್ಕನ ಅಣ್ಣ ಗುರಲಿಂಗಪ್ಪನವರ ಮಗ ಚೇತನನ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗಿ ವಿಲೆ ಪಾರ್ಲೆಯ ಸೋನಾಲಿ, ಬೆಳಗಾವಿ ಕಡೆಯ ಮನೆತನ. ಅವರ ಮನೆ ಹತ್ತಿರದ ಹಾಲ್‌ನಲ್ಲೇ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಸೋನಾಲಿಯ ಅಜ್ಜಿ ರಾಚವ್ವನದು ಒಂದೇ ಷರತ್ತು: ನಾಲ್ಕೂವರೆಗೆ ರಾಹುಕಾಲ ಹೊಕ್ಕಿತೆಂದರೆ ಉಂಗುರ ತೊಡಿಸುವ ಮಾತೇ ಇಲ್ಲ.

ಹಿರಿಯರೆಲ್ಲ ಕೂತಿದ್ದ ಸಭೆಯಲ್ಲಿ ಶಾಂತಪ್ಪನವರು ಎದ್ದು ನಿಂತರು.

"ನೀವೆಲ್ಲಾ ಲೋಕಲ್ ಟ್ರೇನಿನ್ಯಾಗ ಮುಂದ ಹೋಗ್ರಿ. ಮದುಮಗನ್ನ ನನ್ನ ಗಾಡ್ಯಾಗ ನಾ ತರ್ತೀನಿ. ರಾಜಕುಮಾರ ಬಂದಂಗ ಬರ್ತಾನ!"

ಭಾನುವಾರ ಊಟ ಮುಗಿಸಿ ರಾಜಕುಮಾರನ ಸವಾರಿ ದಹಿಸರ್ ಬಿಟ್ಟಿತು. ಹಿಂದಿನ ಸೀಟಿನಲ್ಲಿ ಜರಿಯ ಶೇರ್ವಾನಿ ತೊಟ್ಟ ಚೇತನ. ಮುಂಬೈಯಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿಗೆ ಗಾಡಿ ಬದಲಿಸುತ್ತಾನೆ. ಮುಂದೆ ದೇವಕ್ಕ, ತೊಡೆಯ ಮೇಲೆ ಉಂಗುರ ಇಟ್ಟಿದ್ದ ಬ್ಯಾಗು, ಕೈಯಲ್ಲಿ ಮೊಬೈಲು. ಸ್ಟೇರಿಂಗ್ ಹಿಂದೆ ರೇಷ್ಮೆ ರುಮಾಲಿನ ಶಾಂತಪ್ಪನವರು.

"ಯುವರ್ ಡೆಸ್ಟಿನೇಶನ್ ಈಸ್ ವೈಲ್ ಪಾರ್ಲ್," ಎಂದಳು ಕಾರಿನ ಮೇಡಮ್ಮು.

"ವೈಲ್ ಪಾರ್ಲ್!" ದೇವಕ್ಕ ಹಣೆ ಚಚ್ಚಿಕೊಂಡರು. "ಅಕಿಗೆ ಊರಿನ ಹೆಸರ ಬರಂಗಿಲ್ಲ, ದಾರಿ ಏನ್ ಹೇಳ್ತಾಳ್ರಿ?"

"ಹೆಸರು ತಗೊಂಡು ಏನ್ ಮಾಡ್ತಿ? ನಾ ನಿನ್ನ ಹೆಸರು ಹಿಡಿದು ಕರೆದದ್ದೈತೇನು? ಸಂಸಾರ ನಡೆದಿಲ್ಲ?"

ಹೈವೇಯಲ್ಲಿ ಬೊರಿವಲಿ ದಾಟುವವರೆಗೆ ಸಂಸಾರ ಚೆನ್ನಾಗಿಯೇ ನಡೆಯಿತು. ಅಲ್ಲಿಂದ ಮುಂದೆ ಗಾಡಿಗಳ ಸಾಲು ಕಟ್ಟಿಕೊಂಡಿತು. ದೇವಕ್ಕನ ಮೊಬೈಲು ಗಂಟಲು ಸರಿಪಡಿಸಿಕೊಂಡಂತೆ ಟಣ್ ಎಂದಿತು: "ಮುಂದೆ ಭಾರಿ ವಾಹನ ದಟ್ಟಣೆ ಇದೆ. ಎಡಕ್ಕೆ ತಿರುಗಿ."

"ನೋಡ್ರಿ, ರಸ್ತಾ ಪೂರಾ ಕೆಂಪಾಗೇತಿ. ಎಡಕ್ಕ ತಗೋರಿ."

"ಕಂಟಿನ್ಯೂ ಸ್ಟ್ರೇಟ್," ಎಂದಳು ಮೇಡಮ್ಮು.

ಶಾಂತಪ್ಪನವರು ಸ್ಟ್ರೇಟ್ ಹೋದರು. ಹೋದರು ಎನ್ನುವುದು ಮಾತಿಗೆ. ನಿಂತರು ಎನ್ನುವುದು ಸತ್ಯ. ಪಕ್ಕದಲ್ಲಿ ಕಡಲೆ ಮಾರುವವನು ಇವರನ್ನು ದಾಟಿ ಮುಂದೆ ಹೋದ, ಮಾರಿ ಮುಗಿಸಿ ವಾಪಸ್ಸೂ ಬಂದ.

"ಮ್ಯಾಲಿನ ಉಪಗ್ರಹ ಕೇಳಿಕೋತ ಕುಂಡ್ರಿ. ಅಷ್ಟರಾಗ ರಾಹುಗ್ರಹ ಬಂದು ಬಾಗಲಾ ಬಡಿತೈತಿ!" ಎಂದರು ದೇವಕ್ಕ.

"ಮಾಮಾ, ಪ್ಲೀಸ್... ಕಿಸೀ ಏಕ್ ಕೋ ಫಾಲೋ ಕರೋ ನಾ. ಒಂದೇ ಕೇಳಿ," ಎಂದು ಚೇತನ ಹಿಂದಿನಿಂದ ಕೈಮುಗಿದ.

ಆಗ ಶಾಂತಪ್ಪನವರ ವ್ಯಾಪಾರಿ ಬುದ್ಧಿ ಜಾಗೃತವಾಯಿತು. ಒಬ್ಬರನ್ನು ಕೇಳಿದರೆ ಇನ್ನೊಬ್ಬರು ಸೋತಂತೆ. ಇಬ್ಬರೂ ಸೋಲಬಾರದು, ಗಾಡಿಯೂ ಓಡಬೇಕು.

"ಆತು. ಒಪ್ಪಂದ ಮಾಡ್ಕೊಳ್ಳೋಣು. ಒಂದು ತಿರುವು ನಿಂದು, ಒಂದು ತಿರುವು ನಂದು. ಮೊದಲು ನಿನ್ನ ಫೋನ್ ಹೇಳಿದಂಗ ಹೋಗ್ತೀನಿ, ಅದರ ಮುಂದಿಂದು ನನ್ನ ಗಾಡಿ ಹೇಳಿದಂಗ. ಯಾರೂ ಪಿಟ್ ಅನ್ನಂಗಿಲ್ಲ."

"ನಾ ಪಿಟ್ ಅಂದೀನೇನು?" ಎಂದರು ದೇವಕ್ಕ.

ದೇಶದೇಶಗಳ ನಡುವೆ ಆಗುವ ಒಪ್ಪಂದಗಳೂ ಇಷ್ಟು ನ್ಯಾಯವಾಗಿರುವುದಿಲ್ಲ. ಫೋನು ಎಡಕ್ಕೆ ಎಂದಿತು. ಕಾಂದಿವಲಿಯ ಒಳರಸ್ತೆಗೆ ಇಳಿದರು. ಈಗ ಕಾರಿನ ಸರದಿ. ಮೇಡಮ್ಮಿಗೆ ಹೈವೇ ಬಿಟ್ಟದ್ದೇ ಸಿಟ್ಟು. "ಟರ್ನ್ ಲೆಫ್ಟ್" ಎಂದಳು, ವಾಪಸ್ಸು ಹೈವೇಗೆ ಒಯ್ಯಲು. ತಿರುಗಿದರು. ಫೋನಿಗೆ ಹೈವೇ ಎಂದರೆ ಆಗದು. "ಎಡಕ್ಕೆ ತಿರುಗಿ" ಎಂದಿತು, ಹೈವೇಯಿಂದ ತಪ್ಪಿಸಲು. ತಿರುಗಿದರು. ಮತ್ತೆ ಮೇಡಮ್ಮು: "ಟರ್ನ್ ಲೆಫ್ಟ್!"

ನಾಲ್ಕು ಸಲ ಎಡಕ್ಕೆ ತಿರುಗಿದವನು ಎಲ್ಲಿಗೆ ಬರುತ್ತಾನೆ ಎಂದು ಹೇಳಲು ಉಪಗ್ರಹ ಬೇಕಿಲ್ಲ.

ಮೂಲೆಯಲ್ಲೊಬ್ಬ ಕಬ್ಬಿನ ಹಾಲಿನವನಿದ್ದ. ಮೊದಲ ಸಲ ಬಂದಾಗ ಶೇರ್ವಾನಿ ನೋಡಿ ಕಣ್ಣರಳಿಸಿದ. ಎರಡನೆಯ ಸಲ ಸಲಾಮು ಹೊಡೆದ. ಮೂರನೆಯ ಸಲ ಮೂರು ಗ್ಲಾಸು, ಐಸಿನ ಡಬ್ಬಿ ಹಿಡಿದು ರಸ್ತೆಗೇ ಬಂದು ನಿಂತ: "ಸೇಠ್, ಬರ್ಫ್ ಡಾಲೂಂ ಕ್ಯಾ?"

ಇದಿಷ್ಟೂ ಕಾಂದಿವಲಿಯಲ್ಲೇ ಉಳಿದಿದ್ದರೂ ಚಿಂತೆಯಿರಲಿಲ್ಲ. ಆದರೆ ಚೇತನ ಮನೆ ಬಿಡುವಾಗಲೇ ತಾನೆಲ್ಲಿದ್ದೇನೆ ಎಂಬುದು ಸೋನಾಲಿಗೆ ಕಾಣಲೆಂದು ತನ್ನ ಮೊಬೈಲಿನಿಂದ ಲೈವ್ ಲೊಕೇಶನ್ ಕಳಿಸಿದ್ದ. ಅತ್ತ ಹಾಲ್‌ನಲ್ಲಿ ಅವಳ ಮೊಬೈಲಿನ ಸುತ್ತ ನೆಂಟರ ಗುಂಪೇ ನೆರೆದಿತ್ತು. ಎಲ್ಲರ ಕಣ್ಣೂ ಒಂದು ನೀಲಿ ಚುಕ್ಕೆಯ ಮೇಲೆ. ಚುಕ್ಕೆ ಕಾಂದಿವಲಿಗೆ ಬಂತು, ಗಿರಗಿರನೆ ಸುತ್ತತೊಡಗಿತು.

ಚೇತನನ ಮೊಬೈಲು ರಿಂಗಾಯಿತು. ಅವನು ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟ.

"ಚೇತನ್, ಏನು ನಡದೈತಿ? ಒಂದ ಜಾಗಾದಾಗ ಸುತ್ತಾಕತ್ತೀಯಲ್ಲ?" ಎಂದಳು ಸೋನಾಲಿ.

ಅವಳ ಹಿಂದಿನಿಂದ ರಾಚವ್ವನ ದನಿ ಕಾರು ನಡುಗಿಸಿತು: "ಅವಗ ಮನಸ್ಸಿಲ್ಲಬೇ! ಓಡಿ ಹೋಗಾಕ ದಾರಿ ಹುಡುಕಾಕತ್ತಾನ!"

"ಇಲ್ಲ ಆಜೀ, ಕಸಮ್ ಸೇ! ಮನಸ್ಸು ಇದೆ, ರಸ್ತಾ ಇಲ್ಲ!" ಎಂದ ಚೇತನ. ಅವನು ತನ್ನ ಆಯುಷ್ಯದಲ್ಲೇ ಅಷ್ಟು ಸ್ಪಷ್ಟವಾದ ಕನ್ನಡ ಆಡಿರಲಿಲ್ಲ.

ಶಾಂತಪ್ಪನವರ ಕಿವಿ ಕೆಂಪಾಯಿತು. ಹಿರಿಯರ ಮುಂದೆ ಎದೆ ತಟ್ಟಿ ಕೊಟ್ಟ ಮಾತು. ಹುಡುಗನ ಸಂಬಂಧ ತನ್ನ ಕಾರಿನಿಂದಲೇ ಮುರಿದುಬಿದ್ದರೆ ಗುರಲಿಂಗಪ್ಪನ ಮುಖ ಹೇಗೆ ನೋಡುವುದು? ಅವರು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಾಗಲೇ ಪವಾಡವೊಂದು ಜರುಗಿತು.

"ಟರ್ನ್ ರೈಟ್," ಎಂದಿತು ಕಾರು.

"ಬಲಕ್ಕೆ ತಿರುಗಿ," ಎಂದಿತು ಫೋನು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವರ ಮದುವೆಯಲ್ಲಿ ಜಾತಕಗಳೂ ಹೀಗೆ ಕೂಡಿರಲಿಲ್ಲ!

"ಇಬ್ಬರೂ ಒಂದ ಮಾತು ಹೇಳ್ಯಾರ! ಹೊಡೀರಿ!" ಎಂದರು ದೇವಕ್ಕ. ಶಾಂತಪ್ಪನವರು ಆನಂದದಿಂದ ಬಲಕ್ಕೆ ಹೊಡೆದರು. ದೊಡ್ಡದೊಂದು ಗೇಟು. ಗೇಟಿನೊಳಗೆ ಕಾರಿನಗಲದ ದಾರಿ, ಎರಡೂ ಕಡೆ ಗೋಡೆ. ಮುಂದೊಂದು ಲಾರಿ ನಿಂತಿತ್ತು. ಹಿಂದಕ್ಕೆ ತೆಗೆಯೋಣವೆಂದು ಕನ್ನಡಿ ನೋಡಿದರೆ ಕನ್ನಡಿ ತುಂಬ ಇನ್ನೊಂದು ಲಾರಿಯ ಮೂತಿ. ಅದು ಕೈಗಾರಿಕಾ ಎಸ್ಟೇಟಿನ ತೂಕದ ಕಟ್ಟೆ! ಲಾರಿಗಳನ್ನು ಸರಕು ಸಮೇತ ನಿಲ್ಲಿಸಿ ತೂಗುವ ಕಬ್ಬಿಣದ ಹಾಸು. ಅದನ್ನು ಹತ್ತಿ ಇಳಿದಲ್ಲದೆ ಆಚೆಯ ರಸ್ತೆಗೆ ಬಿಡುಗಡೆಯಿಲ್ಲ.

"ಯು ಹ್ಯಾವ್ ಅರೈವ್ಡ್," ಎಂದಳು ಮೇಡಮ್ಮು.

ಅತ್ತ ವಿಲೆ ಪಾರ್ಲೆಯಲ್ಲಿ ಚುಕ್ಕೆ ನಿಂತಿತು. "ನಿಂತ! ಹುಡುಗ ನಿಂತ! ಎಲ್ಲಿ ನಿಂತಾನ ನೋಡs ಸೋನಾಲಿ!" ಎಂಬ ಗದ್ದಲ ಚೇತನನ ಫೋನಿನಲ್ಲಿ ಕೇಳಿಸಿತು. ಸೋನಾಲಿ ಓದಿ ಹೇಳಿದಳು: "ಧರಮ್ ಕಾಂಟಾ ಅಂತ ತೋರ್ಸಾಕತ್ತೈತಿ ಆಯಿ."

"ಏನು, ಧರ್ಮಕ್ಕ ಹೋದನಂತ?" ರಾಚವ್ವ ಕೂಗಿದರು. "ಸನ್ಯಾಸ ತಗೊಂಡನೇನು?"

"ಸನ್ಯಾಸ ಅಲ್ಲ ಆಯಿ, ಲಾರಿ ತೂಗುವ ಜಾಗಾ ಅದು!"

"ಅಲ್ಲ್ಯಾಕ ಹೋದ? ವರದಕ್ಷಿಣಿ ತೂಗಿ ಕೇಳಾಂವ ಅದಾನೇನು?"

ಇತ್ತ ಮುಂದಿನ ಲಾರಿ ಇಳಿದು ಕಾರು ಹಾಸಿನ ಮೇಲೆ ಹತ್ತಿತು. ಕಿಟಕಿಯೊಳಗೆ ಕುಳಿತ ತೂಕದವನು ತಲೆ ಎತ್ತದೆ ಕೇಳಿದ:

"ಮಾಲ್ ಕ್ಯಾ ಹೈ?"

"ದೂಲ್ಹಾ ಹೈ!" ದೇವಕ್ಕ ಕಾರೊಳಗಿಂದಲೇ ಕೂಗಿದರು. "ಜಲ್ದಿ ಛೋಡೋ ಭೈಯಾ, ಮದುಮಗ ಹೈ!"

ತೂಕದವನು ಆಗಲೂ ತಲೆ ಎತ್ತಲಿಲ್ಲ. "ಭರಾ ವಜನ್ ಹೋ ಗಯಾ. ಮಾಲ್ ಖಾಲಿ ಕರ್ಕೆ ಫಿರ್ ಆನಾ, ಖಾಲಿ ವಜನ್ ಹೋಗಾ."

ಸರಕು ಇಳಿಸಿ ಬನ್ನಿ ಎಂಬ ಈ ಮಾತು ಚೇತನನಿಗೆ ದೇವವಾಣಿಯಂತೆ ಕೇಳಿಸಿತು. ಅವನು ಬಾಗಿಲು ತೆರೆದ.

"ಮಾಮಾ, ಸಾರಿ. ಮಾಲು ಇಳಿತದೆ. ಮೈಂ ಟ್ರೇನ್ ಸೇ ಜಾತಾ ಹೂಂ."

"ಏ ಚೇತನ, ನಿಂದರೋ! ನಿಮ್ಮಪ್ಪಗ ಮಾತು ಕೊಟ್ಟೀನೋ!"

ಚೇತನ ನಿಲ್ಲಲಿಲ್ಲ. ಶೇರ್ವಾನಿ ಮೊಣಕಾಲ ಮೇಲೆ ಎತ್ತಿಕೊಂಡು, ಲಾರಿಗಳ ನಡುವೆ ಓಡಿ, ರಿಕ್ಷಾ ಹಿಡಿದು ಕಾಂದಿವಲಿ ಸ್ಟೇಶನ್ನಿನತ್ತ ಮಾಯವಾದ. ರಾಜಕುಮಾರ ಇಳಿದುಹೋದ ರಥದಲ್ಲಿ ಶಾಂತಪ್ಪನವರು ಸ್ಟೇರಿಂಗ್ ಹಿಡಿದೇ ಕುಳಿತರು. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ದೇವಕ್ಕ ಗಂಡನ ಮುಖ ನೋಡಿದರು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡರು.

"ಇರ್ಲಿ ಬಿಡ್ರಿ," ಎಂದರು. "ನನ್ನ ಫೋನೂ ಬಲಕ್ಕಂತನ ಹೇಳಿತ್ತಲ್ಲ."

ಆ ಒಂದು ಮಾತಿಗೆ ಶಾಂತಪ್ಪನವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಕಟ್ಟೆ ಇಳಿದು ಆಚೆಯ ರಸ್ತೆಗೆ ಬರುವಷ್ಟರಲ್ಲಿ ಮುಖದಲ್ಲಿ ನಗು ಕೂಡ ಬಂದಿತ್ತು. ಇನ್ನೇನು ಅವಸರ? ಮದುಮಗ ಮುಟ್ಟುತ್ತಾನೆ, ನಾವು ಸಂಜೆಯ ಊಟದ ಹೊತ್ತಿಗೆ ಹೋದರಾಯಿತು. ಅಷ್ಟರಲ್ಲಿ ದೇವಕ್ಕನ ಮೊಬೈಲು ರಿಂಗಾಯಿತು. ಚೇತನ! ಹಿಂದೆ ಲೋಕಲ್ಲಿನ ಧಡಧಡ.

"ಅತ್ಯಾ! ರಿಂಗ್! ರಿಂಗ್ ಕಿಧರ್ ಹೈ?"

ದೇವಕ್ಕ ತೊಡೆಯ ಮೇಲಿನ ಬ್ಯಾಗು ನೋಡಿಕೊಂಡರು.

ಮತ್ತೆ ಓಟ ಶುರುವಾಯಿತು. ಈ ಸಲ ಯಾವ ನಕ್ಷೆಯನ್ನು ಕೇಳುವುದು ಎಂಬ ಪ್ರಶ್ನೆ ಏಳುವ ಮೊದಲೇ ಸೋನಾಲಿಯ ಕರೆ ಬಂತು. "ಅತ್ಯಾ, ನಾ ಹೇಳಿದ ಬಟನ್ ಒತ್ರಿ. ಹಾಂ... ಈಗ ನಿಮ್ಮ ಚುಕ್ಕಿ ನಮಗ ಕಾಣ್ಸಾಕತ್ತೈತಿ. ಮಾಮಾಗ ಹೇಳ್ರಿ, ಗಾಡಿ ನಕ್ಷೆ ಬಂದ್, ಫೋನ್ ನಕ್ಷೆ ಬಂದ್. ನಾವ ಹೇಳ್ತೀವಿ."

ಹುಡುಗಿ ಹೇಳಿದ್ದನ್ನು ಕೂಗಿ ದಾಟಿಸುವ ಕೆಲಸವನ್ನು ರಾಚವ್ವ ಕೈಗೆತ್ತಿಕೊಂಡರು. "ಶಾಂತಪ್ಪಾ! ಬಲಕ್ಕ ಹೊಳ್ಳು! ಹಾಂಗs ಸೀದಾ ನಡಿ! ಅಲ್ಲಿ ಏನ್ ನೋಡ್ಕೋತ ನಿಂತಿ? ನಿನ್ನ ಚುಕ್ಕಿ ಅಳ್ಳಾಡವಲ್ದು!"

"ಸಿಗ್ನಲ್ ಬಿದ್ದೈತ್ರೀ ಯವ್ವಾ!"

ಕಾರಿನ ಮೇಡಮ್ಮಿನ ಬಾಯಿ ಮುಚ್ಚುವುದು ಹೇಗೆಂದು ಶಾಂತಪ್ಪನವರಿಗೆ ಗೊತ್ತಿರಲಿಲ್ಲ. ಅವಳು ನಡುವೆ ನುಗ್ಗಿದಳು: "ಮೇಕ್ ಎ ಯು ಟರ್ನ್!"

ಅದು ಫೋನಿನಾಚೆಗೂ ಕೇಳಿಸಿತು. ಆಮೇಲೆ ರಾಚವ್ವ ದನಿ ತಗ್ಗಿಸಿ ಕೇಳಿದರು:

"ಗಾಡ್ಯಾಗ ಇನ್ನೊಬ್ಬಾಕಿ ಯಾರು? ದೇವಕ್ಕಾ, ಮೊದಲು ಅಕಿನ್ನ ಇಳಸು!"

ಮಲಾಡ್ ಹೋಯಿತು, ಗೋರೆಗಾಂವ್ ಹೋಯಿತು, ಅಂಧೇರಿಯ ಮೇಲ್ಸೇತುವೆಯೂ ಹೋಯಿತು. ರಾಹುಕಾಲ ಇನ್ನೇನು ಹೊಸ್ತಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಶಾಂತಪ್ಪನವರ ಕಾರು ಹಾಲ್‌ನ ಬಾಗಿಲಿಗೆ ಬಂದು ನಿಂತಿತು. ದೇವಕ್ಕ ಚಪ್ಪಲಿ ಅಲ್ಲೇ ಬಿಟ್ಟು ಬ್ಯಾಗು ಎದೆಗವಚಿಕೊಂಡು ಓಡಿದರು. ಆಗಲೇ ಲೋಕಲ್ಲಿನಲ್ಲಿ ಬಂದು ಮುಟ್ಟಿದ್ದ ಚೇತನ ಉಂಗುರ ತೊಡಿಸಿದ. ಸೋನಾಲಿ ನಗು ತಡೆಯಲಾರದೆ ತೊಡಿಸಿಕೊಂಡಳು. ಅಕ್ಷತೆ ಬಿತ್ತು. ಶಾಂತಪ್ಪನವರಿಗೆ ಉಸಿರು ಬಂತು. ಅಕ್ಷತೆ ಹಾಕುವ ನೆಪದಲ್ಲಿ ಗುರಲಿಂಗಪ್ಪನವರ ಹಿಂದೆ ಅವಿತು ನಿಂತರು.

ಆದರೆ ಊಟದ ಪಂಕ್ತಿಯಲ್ಲಿ ಅವಿತುಕೊಳ್ಳಲು ಜಾಗವಿರಲಿಲ್ಲ. ರಾಚವ್ವ ಸ್ವತಃ ಹೋಳಿಗೆ ಬಡಿಸುತ್ತ ಬಂದರು. ಅಷ್ಟು ಹೊತ್ತು ಬರೀ ಚುಕ್ಕೆಯಾಗಿ ಕಂಡವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಶಾಂತಪ್ಪನವರು ತಲೆ ತಗ್ಗಿಸಿ ತುಪ್ಪ ಹಾಕಿಸಿಕೊಂಡರು.

ಪಕ್ಕದಲ್ಲಿದ್ದ ಗುರಲಿಂಗಪ್ಪನವರಿಗೆ ತಂಗಿಯ ಗಂಡನ ಮಾನ ಉಳಿಸಬೇಕೆನಿಸಿತು. "ಆಗಿದ್ದಾತು ಬಿಡ್ರಿ," ಎಂದರು ಎಲ್ಲರಿಗೂ ಕೇಳುವಂತೆ. "ಮದಿವಿಗೂ ಮದುಮಗ ನಮ್ಮ ಶಾಂತಪ್ಪನವರ ಗಾಡ್ಯಾಗs ಬರ್ಲಿ. ಏನಂತೀರಿ, ರಾಚವ್ವನವರ?"

ಪಂಕ್ತಿಯೆಲ್ಲ ರಾಚವ್ವನತ್ತ ತಿರುಗಿತು. ಚೇತನನ ಕೈಯ ತುತ್ತು ಬಾಯಿಗೆ ಹೋಗುವ ದಾರಿ ಮರೆಯಿತು. ರಾಚವ್ವ ಮಾತ್ರ ಶಾಂತಪ್ಪನವರ ಎಲೆಗೆ ಇನ್ನೂ ಎರಡು ಹೋಳಿಗೆ ಹಾಕಿ, ಅಕ್ಕರೆಯಿಂದ ಅಂದರು:

"ಬರ್ಲೇಳ್ರಿ, ಯಾರು ಬ್ಯಾಡಂತಾರ? ಮದಿವಿ ಮುಂದಿನ ವೈಶಾಖದಾಗ ಐತಿ. ಶಾಂತಪ್ಪನವರು ನಾಳೆನ ಹೊಂಡ್ಲಿ. ದಾರಿಬುತ್ತಿ ನಾ ಕಟ್ಟಿಕೊಡ್ತೀನಿ!"