ಕೊಡೋದಕ್ಕೋ ಉಡೋದಕ್ಕೋ

ನನಗೆಂದು ನಾನು ಏನನ್ನೂ ಕೊಂಡುಕೊಳ್ಳುವವಳಲ್ಲ. ಈ ಮಾತನ್ನು ಎಷ್ಟು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆಂದರೆ, ಈಗ ಯಾರೂ ಕೇಳದಿದ್ದರೂ ಅದು ತಾನಾಗಿ ಬಾಯಿಗೆ ಬಂದುಬಿಡುತ್ತದೆ. ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತರುವುದು ಮನೆಗೆ ಯಾರಾದರೂ ಬಂದರೆ ಇರಲಿ ಎಂದು. ಬಸವೇಶ್ವರನಗರದಲ್ಲಿ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಯಾರು ಹತ್ತಿ ಬರುತ್ತಾರೆ? ಬಿಸ್ಕತ್ತು ಮೆತ್ತಗಾಗಿಬಿಡುತ್ತದಲ್ಲ ಎಂಬ ಸಂಕಟಕ್ಕೆ ನಾನೇ ತಿಂದು ಮುಗಿಸುತ್ತೇನೆ. ಇದನ್ನು ಸ್ವಂತ ಖರ್ಚು ಎನ್ನಲಾದೀತೇ? ಇದು ಅತಿಥಿಸತ್ಕಾರ. ಅತಿಥಿ ಬರದಿದ್ದುದು ನನ್ನ ತಪ್ಪಲ್ಲ.

ಸೀರೆಯ ವಿಷಯವೂ ಹೀಗೆಯೇ. ನಮ್ಮ ಬೀರುವಿನಲ್ಲಿ ಕೆಳಗಿನ ಶೆಲ್ಫು ಬೇರೆಯವರಿಗೆ ಕೊಡುವ ಸೀರೆಗಳದ್ದು, ಮೇಲಿನದು ನಾನು ಉಡುವ ಸೀರೆಗಳದ್ದು. ರಾಜಾಜಿನಗರದ ಸೀರೆ ಅಂಗಡಿಯಲ್ಲಿ ಕೂತ ತಕ್ಷಣ, “ಕೊಡೋದಕ್ಕಾ ಮೇಡಂ, ಉಡೋದಕ್ಕಾ?” ಎಂದು ಕೇಳುತ್ತಾರೆ. ಕೊಡುವುದಕ್ಕೆ ಎಂದರೆ ಅಗ್ಗದ್ದನ್ನು ಮುಂದೆ ಹಾಕುತ್ತಾರೆ. ನಾನು ತಪ್ಪದೆ “ಕೊಡೋದಕ್ಕೆ” ಎನ್ನುತ್ತೇನೆ. ಆಮೇಲೆ, ಕೊಡುವುದಾದರೂ ಒಳ್ಳೆಯದನ್ನೇ ಕೊಡಬೇಕಲ್ಲ ಎಂದು ಉಡುವ ಸೀರೆಗಳ ಕಡೆ ಕೈ ತೋರಿಸುತ್ತೇನೆ. ಆ ಸೀರೆ ಆರು ತಿಂಗಳು ಕೆಳಗಿನ ಶೆಲ್ಫಿನಲ್ಲಿದ್ದು, ‘ಈ ಬಣ್ಣ ಅವರಿಗೆ ಒಪ್ಪುವುದಿಲ್ಲ’ ಎಂಬ ಕಾರಣಕ್ಕೆ ಮೇಲಿನದಕ್ಕೆ ಬಡ್ತಿ ಪಡೆಯುತ್ತದೆ. ನಮ್ಮ ಯಜಮಾನರು ಪಾಪ, ಸಿಕ್ಕಸಿಕ್ಕವರ ಮುಂದೆಲ್ಲ, “ನಮ್ಮನೆಯವಳು ತನಗೋಸ್ಕರ ಒಂದ್ರೂಪಾಯಿ ಖರ್ಚು ಮಾಡಲ್ಲ ಕಣ್ರೀ” ಎನ್ನುತ್ತಾರೆ. ನಾನು ವಿನಯದಿಂದ ತಲೆ ತಗ್ಗಿಸಿ ನಿಂತಿರುತ್ತೇನೆ.

ಕಳೆದ ತಿಂಗಳು ಕೆಂಗೇರಿ ಉಪನಗರದಲ್ಲಿ ನನ್ನ ನಾದಿನಿ ಪದ್ಮಳ ಗೃಹಪ್ರವೇಶ. ಅವಳಿಗೆಂದೇ, ಆಣೆ ಮಾಡಿ ಹೇಳುತ್ತೇನೆ, ಅವಳಿಗೆಂದೇ ಸಾಸಿವೆ ಹೂವಿನ ಬಣ್ಣದ, ಹಸಿರು ಅಂಚಿನ ರೇಷ್ಮೆ ಸೀರೆ ತಂದಿದ್ದೆ. ಒಂದು ವಾರ ಅದನ್ನು ನೋಡುತ್ತಿದ್ದೆ. ಎಂಟನೇ ದಿನ ಟೈಲರ್ ಹತ್ತಿರ ಕೊಂಡೊಯ್ದು ಫಾಲ್ಸ್ ಹಾಕಿಸಿ, ಬ್ಲೌಸನ್ನೂ ಹೊಲಿಸಿದೆ. ಪದ್ಮಳಿಗೆ ಪುರಸೊತ್ತಿಲ್ಲ, ಹೊಲಿಸಿಯೇ ಕೊಟ್ಟರೆ ಅನುಕೂಲ ಎಂದು ನನಗೆ ನಾನೇ ಹೇಳಿಕೊಂಡೆ. ಅಳತೆಗೆ ಕೊಟ್ಟಿದ್ದು ಮಾತ್ರ ನನ್ನ ಬ್ಲೌಸು. ಪದ್ಮಳೋ ಕಡ್ಡಿಯಂತಿದ್ದಾಳೆ, ನನ್ನ ಒಂದು ತೋಳಿನಲ್ಲಿ ಅವಳ ಎರಡೂ ಕೈ ಹಿಡಿಸುತ್ತವೆ. ಆಮೇಲೆ ಅವಳಿಗೆ ಕೊಡಲು ಒಂದು ಸಾಧಾರಣ ನೇರಳೆ ಸೀರೆ ತಂದೆ. ಆದರೂ ಸಾಸಿವೆ ಬಣ್ಣದ್ದನ್ನು ಮೇಲಿನ ಶೆಲ್ಫಿಗೆ ಇಡಲಿಲ್ಲ. ಇಟ್ಟರೆ ಅದು ನನ್ನದೆಂದು ಒಪ್ಪಿಕೊಂಡಂತಲ್ಲವೇ? ಕವರಿಗೆ ಹಾಕಿ ಕೆಳಗೇ, ನೇರಳೆ ಸೀರೆಯ ಕವರಿನ ಪಕ್ಕದಲ್ಲಿ ಬಿಟ್ಟೆ.

ಗೃಹಪ್ರವೇಶದ ಬೆಳಿಗ್ಗೆ ಜಡೆ ಹೆಣೆದುಕೊಳ್ಳುತ್ತಾ, “ರೀ, ಕೆಳಗಿನ ಶೆಲ್ಫಲ್ಲಿ ಪದ್ಮಂಗೆ ಕೊಡೋ ಸೀರೆ ಕವರ್ ಇದೆ, ಬ್ಯಾಗಿಗೆ ಹಾಕ್ಕೊಳ್ಳಿ” ಎಂದೆ. ಎರಡು ಕವರುಗಳಲ್ಲಿ ಅವರು ಭಾರವಾಗಿದ್ದುದನ್ನೇ ಆರಿಸಿಕೊಂಡರು. ತಂಗಿಯಲ್ಲವೇ!

ಅಲ್ಲಿ ಅರಿಶಿನ ಕುಂಕುಮ ಹಚ್ಚಿ, ಕವರನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಪದ್ಮ ಎಲ್ಲರೆದುರೇ ಬಿಚ್ಚಿದಳು. ಸಾಸಿವೆ ಬಣ್ಣ ಕಂಡಾಗಲೇ ನನಗೆ ಗೊತ್ತಾಯಿತು, ಯಜಮಾನರು ತಂದದ್ದು ಯಾವ ಕವರೆಂದು. ಮೇಲೊಂದು ಬ್ಲೌಸು, ಅದಕ್ಕೆ ಟೈಲರ್ ಪಿನ್ ಹಾಕಿದ್ದ ಚೀಟಿ: ‘ಸರೋಜಾ ಮೇಡಂ. ತೋಳು ಲೂಸ್ ಇರಲಿ.’ ಪದ್ಮ ಚೀಟಿ ಓದಿ, ಬ್ಲೌಸನ್ನು ಮೈಮೇಲೆ ಹಿಡಿದು ನೋಡಿ, “ಅತ್ತಿಗೆ, ಇದು ನಿಮ್ದಲ್ವಾ?” ಎಂದಳು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು, ಆದರೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು.

ಯಜಮಾನರು ಮಾತ್ರ ಗದ್ಗದಿತರಾದರು. “ನೋಡಿದ್ಯಾ ಪದ್ಮ? ತನಗೆ ಅಂತ ಹೊಲಿಸ್ಕೊಂಡಿದ್ದನ್ನೂ ನಿನಗೆ ಕೊಟ್ಬಿಟ್ಳು!”

ಪದ್ಮಳ ಕಣ್ಣಲ್ಲಿ ನೀರು. “ಬ್ಲೌಸ್ ಟೈಟ್ ಮಾಡಿಸ್ಕೊಂಡಾದ್ರೂ ಇದನ್ನೇ ಉಡ್ತೀನಿ ಅತ್ತಿಗೆ” ಎಂದು ತಬ್ಬಿಕೊಂಡಳು. ನನಗೂ ಅಳು ಬಂತು. ಅವಳದು ಪ್ರೀತಿಗೆ, ನನ್ನದು ಸೀರೆಗೆ. ಸುಳ್ಳೇಕೆ, ಸ್ವಲ್ಪ ನಾಚಿಕೆಗೂ ಬಂತು. ಆ ಅಪ್ಪುಗೆಗೆ ನಾನು ತಕ್ಕವಳಲ್ಲ ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಇನ್ನು ನನಗೆ ನಾನೇ ಟೋಪಿ ಹಾಕಿಕೊಂಡಿದ್ದು ಸಾಕು ಎಂದು ನಿರ್ಧರಿಸಿ, ಮರುವಾರ ಅದೇ ಅಂಗಡಿಗೆ ಹೋದೆ. ಅದೇ ಬಣ್ಣ, ಅದೇ ಅಂಚಿನದು ಇನ್ನೊಂದಿತ್ತು. “ಕೊಡೋದಕ್ಕಾ ಮೇಡಂ, ಉಡೋದಕ್ಕಾ?” ಎಂದು ಅಂಗಡಿಯವನು ಕೇಳಿದ. ಉಸಿರು ಬಿಗಿಹಿಡಿದು “ಉಡೋದಕ್ಕೆ” ಎಂದೆ. ಜೀವಮಾನದಲ್ಲೇ ಮೊದಲ ಸಲ. ಮನಸ್ಸು ಹಗುರವಾಯಿತು.

“ನಿಮಗೇನಾ ಮೇಡಂ?”

“ಅಯ್ಯೋ, ನನಗ್ಯಾಕಪ್ಪಾ? ನಮ್ಮ ನಾದಿನಿಗೆ” ಎಂದುಬಿಟ್ಟೆ. ಕೈಚೀಲದಲ್ಲಿ, ಹಾಗೇ ಟೈಲರಿಗೆ ಕೊಟ್ಟು ಹೋಗೋಣವೆಂದು ತಂದಿದ್ದ ನನ್ನ ಅಳತೆ ಬ್ಲೌಸು ಇತ್ತು.