ನಮ್ಮೂರ ತಿರುವಿನ ಉಬ್ಬಿಗೆ, ತಗ್ಗಿದ ಕಾರಿನವಳ ಅರಿಕೆ

ಇವರಿಗೆ,
ಶ್ರೀಯುತ ರಸ್ತೆ ಉಬ್ಬು ಅವರು,
ನಮ್ಮೂರ ತಿರುವು, ಕಟ್ಟೆಮಳಲವಾಡಿಯಿಂದ ಸ್ವಲ್ಪ ಮುಂದೆ,
ಹುಣಸೂರು ತಾಲ್ಲೂಕು.

ವಿಷಯ: ತಮ್ಮ ಎತ್ತರ ಮತ್ತು ನನ್ನ ಕಾರಿನ ಸಸ್ಪೆನ್ಷನ್ ಆಯ್ಕೆಯ ಕುರಿತು.

ಮಾನ್ಯರೇ,

ಬಿಸಿಲು, ಮಳೆ, ಟ್ರ್ಯಾಕ್ಟರು, ತಂಬಾಕು ಹೇರಿಕೊಂಡು ಹರಾಜಿಗೆ ಹೋಗುವ ಗೂಡ್ಸ್ ಆಟೊ, ಎಲ್ಲವನ್ನೂ ಬೆನ್ನ ಮೇಲೆ ಹತ್ತಿಸಿಕೊಂಡು, ಒಂದು ದಿನವೂ ರಜೆ ಕೇಳದೆ ಅಡ್ಡ ಮಲಗಿರುವ ತಮ್ಮ ಕ್ಷೇಮವನ್ನು ಮೊದಲು ವಿಚಾರಿಸುತ್ತೇನೆ. ತಮ್ಮ ಪರಿಚಯ ನನಗೆ ಚೆನ್ನಾಗಿಯೇ ಇದೆ. ನನ್ನ ಪರಿಚಯ ತಮಗೆ ಕಾರಿನ ತಳದ ಮೂಲಕ ಮಾತ್ರ ಆಗಿರುವುದರಿಂದ ಎರಡು ಮಾತು ಹೇಳಿಕೊಳ್ಳುತ್ತೇನೆ. ನಾನು ಹರ್ಷಿತಾ, ದೇವರಾಜು ಮತ್ತು ವಿಮಲಮ್ಮನವರ ಸೊಸೆ, ಯತೀಶನ ಹೆಂಡತಿ, ಚಿನ್ನುವಿನ ತಾಯಿ. ಪಿರಿಯಾಪಟ್ಟಣದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಮ್ಮ ನೆತ್ತಿಯನ್ನು ಕರಕರ ಕೆರೆದುಕೊಂಡು ಹೋಗುತ್ತಿದ್ದ ಆ ಕೆಂಪು ಕಾರು ನನ್ನದು.

ಅದನ್ನು ನಾನು ಮೈಸೂರಿನ ಒಬ್ಬ ಶೋಕಿವಾಲನಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡೆ. ಆ ಪುಣ್ಯಾತ್ಮ ಕಂಪನಿಯವರು ಕೊಟ್ಟ ಸ್ಪ್ರಿಂಗು ತೆಗೆಸಿ ಗಿಡ್ಡ ಸ್ಪ್ರಿಂಗು ಹಾಕಿಸಿದ್ದ. ಹಾಗಾಗಿ ಅದು ತಗ್ಗಿ ಕುಳಿತು, ತಿರುವಿನಲ್ಲಿ ನೆಲವನ್ನು ಕಚ್ಚಿಕೊಂಡು ತಿರುಗುತ್ತದೆ, ಒಂದಿಷ್ಟೂ ವಾಲುವುದಿಲ್ಲ. ಮನೆಯಿಂದ ಕಾಲೇಜಿಗೆ ಮುಕ್ಕಾಲು ಗಂಟೆಯ ದಾರಿ. ಆ ಮುಕ್ಕಾಲು ಗಂಟೆ ನಾನು ಯಾರ ಸೊಸೆಯೂ ಅಲ್ಲ, ಯಾರ ಮೇಡಮ್ಮೂ ಅಲ್ಲ. ಸಾರಿಗೆ ಉಪ್ಪು ಸಾಲದೆಂದು ಯಾರೂ ಹೇಳುವುದಿಲ್ಲ, ನಾಳೆ ಟೆಸ್ಟ್ ಬೇಡವೆಂದು ಯಾರೂ ಗೋಗರೆಯುವುದಿಲ್ಲ. ದಿನದಲ್ಲಿ ನನ್ನದು ಅಂತ ಇರುವುದು ಅದೊಂದೇ ಹೊತ್ತು, ಅದು ಕೈತಪ್ಪಿ ಹೋಗುತ್ತದೆಂಬ ಭಯದಿಂದಲೇ ಈ ಪತ್ರ ಬರೆಯಲು ಕುಳಿತೆ.

ತಮ್ಮ ಹುಟ್ಟಿನ ವಿಚಾರವನ್ನು ಊರಿನಲ್ಲಿ ಹಲವರ ಬಳಿ ಕೇಳಿದ್ದೇನೆ. ಯಾರದೋ ಬೈಕಿಗೆ ಯಾರದೋ ಮೇಕೆ ಸಿಕ್ಕಿತಂತೆ, ಜನ ರಸ್ತೆ ಕೆಲಸದಲ್ಲಿ ಉಳಿದ ಜಲ್ಲಿ ಡಾಂಬರನ್ನು ಅಡ್ಡ ಸುರಿದರಂತೆ, ಇನ್ನೊಬ್ಬರು ಸಾಲದೆಂದು ಅದರ ಮೇಲೆ ಇನ್ನೊಂದು ಬುಟ್ಟಿ ಸುರಿದರಂತೆ. ಮೇಕೆ ಈಗಿಲ್ಲ, ಬೈಕಿನವನು ಕೆ.ಆರ್. ನಗರದ ಕಡೆ ಮನೆ ಮಾಡಿದ್ದಾನೆ, ತಾವು ಮಾತ್ರ ಕರ್ತವ್ಯದಲ್ಲಿದ್ದೀರಿ. ಯಾವ ನಕ್ಷೆಯಲ್ಲೂ ತಮ್ಮ ಹೆಸರಿಲ್ಲ, ಯಾವ ಬಿಳಿ ಪಟ್ಟೆಯೂ ತಮ್ಮ ಮೈಮೇಲಿಲ್ಲ, ಮುಂಚೆ ತಿಳಿಸುವ ಒಂದು ಫಲಕವೂ ಇಲ್ಲ. ಇಷ್ಟು ಸರಳವಾಗಿ ಬದುಕುತ್ತಾ ಇಷ್ಟು ಜನರನ್ನು ತಲೆಬಾಗಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಬೇರೆ ಊರುಗಳ ಉಬ್ಬುಗಳು ಏರಿ ಇಳಿಯುತ್ತವೆ. ತಾವು ಏರುತ್ತೀರಿ, ಇಳಿಯುವ ವಿಚಾರವನ್ನು ನಮಗೇ ಬಿಟ್ಟುಬಿಡುತ್ತೀರಿ.

ನಾನು ಒಬ್ಬಳೇ ಕುಳಿತಾಗ ಕಾರು ತಮ್ಮನ್ನು ಕೆರೆದುಕೊಂಡಾದರೂ ದಾಟುತ್ತಿತ್ತು. ಮನೆಯವರೆಲ್ಲ ಕುಳಿತರೆ ದಾಟುತ್ತಿರಲಿಲ್ಲ. ಆದ್ದರಿಂದ ಪ್ರತಿ ಮದುವೆಗೂ ಪ್ರತಿ ತಿಥಿಗೂ ಹೊರಟಾಗ ತಮ್ಮ ಮುಂದೆ ಒಂದು ಶಾಸ್ತ್ರ ನಡೆಯುತ್ತಿತ್ತು. ಮಾವನವರು ಗರಿಗರಿ ಪಂಚೆಯನ್ನು ಎತ್ತಿ ಹಿಡಿದು ಇಳಿಯುವರು, ಅತ್ತೆಯವರು ರೇಷ್ಮೆ ಸೀರೆಯಲ್ಲಿ, ಮಡಿಲಲ್ಲಿದ್ದ ಬಾಳೆಹಣ್ಣಿನ ಚಿಪ್ಪಿನ ಸಮೇತ ಇಳಿಯುವರು, ಯತೀಶ ಚಿನ್ನುವನ್ನು ಎತ್ತಿಕೊಂಡು ಇಳಿಯುವನು. ನಾನು ಖಾಲಿ ಕಾರನ್ನು ಓರೆಯಾಗಿ ತಮ್ಮ ಮೇಲೆ ಹತ್ತಿಸಿ ಇಳಿಸಿದ ಮೇಲೆ ಎಲ್ಲರೂ ನಡೆದು ಬಂದು ಮತ್ತೆ ಕೂರುವರು. ಇದನ್ನು ನೋಡಲೆಂದೇ ಅಂಗಡಿ ಕಟ್ಟೆಯಲ್ಲಿ ನಾಲ್ಕು ಜನ ಜಾಗ ಹಿಡಿದಿರುತ್ತಿದ್ದರು. ಅವರಲ್ಲೊಬ್ಬರು ಒಂದು ದಿನ ಮಾವನವರನ್ನು, “ಯಾಕ್ ದೇವ್‌ರಾಜಣ್ಣ, ಡೀಸೆಲ್ ಮುಗೀತಾ, ನೂಕಬೇಕಾ?” ಎಂದು ಕೇಳಿದರು. ಕೇಳಿದವರಿಗೆ ಅದು ತಮಾಷೆ, ಮಾವನವರಿಗೆ ಅಂದು ರಾತ್ರಿ ಊಟ ಸೇರಲಿಲ್ಲ.

ಮರುದಿನ ಅವರು ನನ್ನನ್ನು ಜಗಲಿಗೆ ಕರೆದು ತೀರ್ಮಾನ ಹೇಳಿದರು. “ನೋಡವ್ವ, ಮನೆ ಕಾರು ಅಂದ್ರೆ ಮನೆಯವ್ರೆಲ್ಲ ಕುಂತ್ಕಂಡು ಓಗಂಗಿರ್ಬೇಕು. ಕೋಟೇಲಿ ನಾಮಕರಣಕ್ಕೆ ಓಯ್ತೀವಲ್ಲ, ಅವತ್ತು ಒಬ್ರಾದ್ರೂ ಆ ಹಂಪಿನತ್ರ ಇಳುದ್ರೆ, ಮಾರ್ನೇ ದಿನ್ವೇ ಇದ್ನ ಕೊಟ್‌ಬುಟ್ಟು ಎತ್ತರದ್ದು ತರದು.” ಕೋಟೆಯೆಂದರೆ ಹೆಗ್ಗಡದೇವನಕೋಟೆ. ಅಲ್ಲಿ ಅತ್ತೆಯವರ ತಂಗಿ ಯಶೋದಮ್ಮನವರ ಮೊಮ್ಮಗನ ನಾಮಕರಣಕ್ಕೆ ಇನ್ನೊಂದು ತಿಂಗಳಿತ್ತು. ಯತೀಶ ಆಗಲೇ ಮೊಬೈಲಿನಲ್ಲಿ ಎತ್ತರದ ಗಾಡಿಗಳ ಚಿತ್ರ ನೋಡತೊಡಗಿದ್ದ. ಆ ಗಾಡಿಗಳು ತಿರುವಿನಲ್ಲಿ ಹುಲ್ಲು ಹೇರಿದ ಗಾಡಿಯಂತೆ ವಾಲುತ್ತವೆ, ಅದಲ್ಲದೆ ಮನೆಗೆಲ್ಲ ಒಂದೇ ದೊಡ್ಡ ಗಾಡಿ ಬಂದರೆ ಅದರ ಕೀಲಿಕೈ ಯತೀಶನ ಜೇಬು ಸೇರುತ್ತದೆ, ನಾನು ಮತ್ತೆ ಬಸ್ಸಿಗೆ ನಿಲ್ಲಬೇಕಾಗುತ್ತದೆ.

ಆಗ ನನಗೆ ಮೊದಲು ನೆನಪಾದವರು ತಾವೇ. ತಾವು ನಾಲ್ಕು ಬೆರಳು ತಗ್ಗಿದರೆ ನಮ್ಮ ಮನೆಯ ವ್ಯಾಜ್ಯವೇ ತೀರುತ್ತಿತ್ತು. ಅದು ತಮ್ಮ ಘನತೆಗೆ ಕುಂದೆನ್ನುವುದಾದರೆ, ನಾಮಕರಣದ ದಿನ ಒಂದೇ ಒಂದು ಬಾರಿ ಮಗ್ಗುಲು ಬದಲಿಸಿ ಮಲಗಬಹುದಿತ್ತು. ಅದೂ ಆಗದೆಂದರೆ, ತಮ್ಮಂಥವರು ಊರ ತಿರುವಿನಲ್ಲಿ ಕೊಳೆಯುವುದು ಸರಿಯಲ್ಲವಾದ್ದರಿಂದ, ತಮ್ಮನ್ನು ಬೆಟ್ಟದಪುರದ ಬೆಟ್ಟದ ಪಕ್ಕಕ್ಕೆ ನಿಯೋಜನೆ ಮೇಲೆ ಕಳಿಸಿಕೊಡಬೇಕೆಂದು ನಾನೇ ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳಲು ಸಿದ್ಧಳಿದ್ದೆ. ತಾವು ಯಾವುದಕ್ಕೂ ಒಪ್ಪಿಗೆ ಸೂಚಿಸಲಿಲ್ಲ. ಹಾಗಾಗಿ ಬದಲಾಗಬೇಕಾದದ್ದು ನನ್ನ ಕಾರೇ ಎಂದು ತೀರ್ಮಾನವಾಯಿತು.

ಸಸ್ಪೆನ್ಷನ್, ಅಂದರೆ ಚಕ್ರದ ಮೇಲೆ ಕಾರನ್ನು ಹೊತ್ತು ನಿಲ್ಲುವ ಸ್ಪ್ರಿಂಗಿನ ಜೋಡಣೆ, ಆರಿಸುವುದು ಗಂಡು ಹೆಣ್ಣು ನೋಡುವುದಕ್ಕಿಂತ ಕಷ್ಟ ಎಂದು ಆಗ ತಿಳಿಯಿತು. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿದರೆ ಸಾಕೆಂದು ಯತೀಶ ಹೇಳಿದ. ಅವನ ಗೆಳೆಯನ ಕಾರಿಗೆ ಹಾಗೆ ಮಾಡಿಸಿದ್ದರಿಂದ ಅದು ಈಗ ಕಪ್ಪೆಯಂತೆ ಕುಪ್ಪಳಿಸುತ್ತದೆ. ಕಂಪನಿಯ ಹಳೆಯ ಸ್ಪ್ರಿಂಗು ಹಾಕಿಸಿದರೆ ಕಾರು ಎತ್ತರವಾಗುತ್ತದೆ, ಆದರೆ ನನ್ನ ತಿರುವುಗಳ ಸುಖ ಅಲ್ಲಿಗೆ ಮುಗಿಯುತ್ತದೆ. ಯೂಟ್ಯೂಬಿನಲ್ಲಿ ಒಬ್ಬ ಯುವಕ ಎಲ್ಲಕ್ಕೂ ಮದ್ದು ಹೇಳುತ್ತಿದ್ದ, ಆದರೆ ಅವನ ಹಿಂದಿದ್ದ ರಸ್ತೆ ಹಪ್ಪಳ ಒತ್ತುವ ಮಣೆಯಷ್ಟು ನುಣ್ಣಗಿದ್ದುದರಿಂದ ನನಗೆ ನಂಬಿಕೆ ಬರಲಿಲ್ಲ. ಕೊನೆಗೆ ಮನಸ್ಸು ನಿಂತದ್ದು ಹೊಂದಿಸಿಕೊಳ್ಳುವ ಸಸ್ಪೆನ್ಷನ್ ಮೇಲೆ. ಅದರಲ್ಲಿ ಎತ್ತರವನ್ನೂ ಬಿಗಿಯನ್ನೂ ಬೇಕಾದಂತೆ ಹೆಚ್ಚು ಕಡಿಮೆ ಮಾಡಬಹುದು. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ, ಈ ಪತ್ರ ಮನೆಯವರ ಕೈಗೂ ಸಿಗಬಹುದು.

ಹುಣಸೂರಿನ ಮೆಕ್ಯಾನಿಕ್ ಲಿಂಗರಾಜು ಡಬ್ಬ ಬಿಚ್ಚಿ, ತಿರುಗಿಸಿ ತಿರುಗಿಸಿ ನೋಡಿ, ಇಂಥವು ತಾನು ನೂರು ಕೂರಿಸಿದ್ದೇನೆಂದರು. ಡಬ್ಬದೊಳಗಿನ ಚಿತ್ರವನ್ನು ತಲೆಕೆಳಗಾಗಿ ಹಿಡಿದಿದ್ದರೆಂಬುದನ್ನು ನಾನು ಗಮನಕ್ಕೆ ತರಲಿಲ್ಲ. “ಎತ್ರ ಬೇರೆ, ಬಿಗಿ ಬೇರೆ ಕಣ್ ಮೇಡಂ. ಎತ್ರ ನಾನು ಚಕ್ರ ಬಿಚ್ಚಿ ಮಾಡ್ಕೊಡ್ತೀನಿ. ಬಿಗಿ ಮಾತ್ರ ಮ್ಯಾಲಿನ ತಿರುಪಲ್ಲಿ ನೀವೇ ಮಾಡ್ಕಳಿ. ವಯಸ್ಸಾದೋರು ಕುಂತ್ರೆ ಪೂರ್ತಿ ಸಡ್ಲ ಬುಟ್‌ಬುಡಿ, ಊವಿನ್ ಆಸ್ಗೆ ಆಗೋಯ್ತದೆ,” ಎಂದರು. ಮುಂದಿನ ತಿರುಪು ಬಾನೆಟ್ಟಿನ ಕೆಳಗೆ, ಹಿಂದಿನದು ಡಿಕ್ಕಿಯೊಳಗೆ. ಒಂದೊಂದು ಸಲ ತಿರುಗಿಸಿದಾಗಲೂ ಟಿಕ್ ಎನ್ನುತ್ತದೆ. ಮೆತ್ತಗಿದ್ದಷ್ಟೂ ಆರಾಮವೆಂದು ನಾನೂ ನಂಬಿದೆ. ಸ್ಪ್ರಿಂಗಿನ ಓಲಾಟ ಹೇಗೆ ತಣಿಯುತ್ತದೆ ಎಂಬುದರ ಮೇಲೆ ಪ್ರತಿ ವರ್ಷ ಐದು ಅಂಕದ ಪ್ರಶ್ನೆ ಕೊಡುವವಳು ನಾನು ಎಂಬುದನ್ನು ಇಲ್ಲಿ ಮರೆಯಬೇಕಾಗಿ ಕೋರುತ್ತೇನೆ.

ಎತ್ತರ ಎಷ್ಟು ಬೇಕೆಂದು ತಿಳಿಯಲು ಕಾಲೇಜಿನ ಮೀಟರ್ ಸ್ಕೇಲು ತಂದು ತಮ್ಮ ಮುಂದೆ ಮಂಡಿಯೂರಿ ಅಳತೆ ತೆಗೆದದ್ದು ತಮಗೆ ನೆನಪಿರಬಹುದು. ದನ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ಅದನ್ನು ನೋಡಿ ಏನೂ ಕೇಳದೆ ಕೈಮುಗಿದು ಹೋದರು. ಮರುದಿನ ತಮ್ಮ ನೆತ್ತಿಯ ಮೇಲೆ ಅರಿಶಿನ ಕುಂಕುಮ ಇತ್ತು. ತಮಗೆ ಸಲ್ಲಬೇಕಾದದ್ದೇ ಸಂದಿತೆಂದುಕೊಂಡು, ಆ ಅಳತೆಯನ್ನು ಲಿಂಗರಾಜು ಅವರಿಗೆ ಕೊಟ್ಟು ಕಾರನ್ನು ಎತ್ತರಿಸಿಕೊಂಡು ಬಂದೆ.

ನಾಮಕರಣದ ದಿನ ಬಂತು. ಮಾವನವರು ಮುಂದೆ ಕುಳಿತರು. ಅತ್ತೆಯವರು, ಯತೀಶ, ಚಿನ್ನು ಹಿಂದೆ. ಡಿಕ್ಕಿಯಲ್ಲಿ ಒಂದು ಬಾಳೆಗೊನೆ. ಅಂಗಡಿ ಕಟ್ಟೆಯ ನಾಲ್ವರೂ ಹಾಜರಿದ್ದರು. ಮಾವನವರು ಅಭ್ಯಾಸಬಲದಿಂದ ಬಾಗಿಲಿಗೆ ಕೈ ಹಾಕಿದರು. “ಕುಂತ್ಕಳಿ ಮಾವ,” ಎಂದೆ. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನ ಚಕ್ರ ಹತ್ತಿತು, ಇಳಿಯಿತು. ತಾವು ತುಟಿ ಪಿಟಕ್ಕೆನ್ನಲಿಲ್ಲ. ಕಟ್ಟೆಯ ಮೇಲಿದ್ದವರು ಬೀಡಿ ಹಚ್ಚುವುದನ್ನೇ ಮರೆತರು, ಮಾವನವರು ಅವರ ಕಡೆ ನೋಡದೆ ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು.

ಗೆದ್ದೆನೆಂದು ನಾನು ಬೀಗಿದ್ದು ಹುಣಸೂರು ದಾಟುವವರೆಗೆ. ಕೋಟೆಯ ರಸ್ತೆಗೆ ಬಿದ್ದ ಮೇಲೆ ಪೂರ್ತಿ ಸಡಿಲ ಬಿಟ್ಟಿದ್ದ ಕಾರು ಹಿನ್ನೀರಿನ ತೆಪ್ಪದಂತೆ ತೇಲತೊಡಗಿತು. ಒಂದು ಗುಂಡಿಗೆ ಇಳಿದರೆ ಮೂರು ಬಾರಿ ತೂಗುವುದು, ತಿರುವಿನಲ್ಲಿ ವಾಲಿ ಏಳಲು ಯೋಚಿಸುವುದು. ಅತ್ತೆಯವರು ಮೊದಲು ಮಾತು ನಿಲ್ಲಿಸಿದರು, ಆಮೇಲೆ ನಿಂಬೆಹಣ್ಣು ಮೂಸಿದರು, ಆಮೇಲೆ ಕಾರು ನಿಲ್ಲಿಸಲು ಸನ್ನೆ ಮಾಡಿ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡರು. “ಇಳುದ್ರಲ್ಲ,” ಎಂದರು ಮಾವನವರು. ಷರತ್ತು ಇದ್ದದ್ದು ಹಂಪಿನ ಬಳಿ ಇಳಿಯುವುದಕ್ಕೆ ಮಾತ್ರ. ಆದರೂ ಕಾರು ಹೋಯಿತೆಂದುಕೊಂಡೇ ಅತ್ತೆಯವರಿಗೆ ನೀರಿನ ಬಾಟಲಿ ಕೊಟ್ಟೆ.

ಅತ್ತೆಯವರು ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನನ್ನೇ ಕೇಳಿದರು. “ಅದೇನೋ ತಿರುಪು ಐತೆ ಅಂದ್ಯಲ್ಲ, ಎಲ್ಲೈತೆ ಅದು? ಬಿಗಿ ಮಾಡು. ಈ ಪಾಟಿ ತೂಗುದ್ರೆ ಒಟ್ಟೇಲಿರದು ನಿಂತದಾ? ನಾನು ಎತ್ತಿನ ಗಾಡೀಲಿ ತವ್ರಿಗೆ ಓಯ್ತಿದ್ದೋಳು, ಗಟ್ಟಿಗಿದ್ರೇ ಸರಿ.” ನಾನು ಬಾನೆಟ್ ಎತ್ತಿ, ಡಿಕ್ಕಿಯಿಂದ ಬಾಳೆಗೊನೆ ಇಳಿಸಿ, ಟಿಕ್ ಟಿಕ್ ಎಂದು ಬಿಗಿ ಮಾಡಿದೆ. ಒಂದಷ್ಟು ದೂರ ಹೋದ ಮೇಲೆ “ಇನ್ನೊಸಿ ಬಿಗಿ ಮಾಡು” ಎಂದರು. ಮತ್ತೆ ಬಾನೆಟ್, ಮತ್ತೆ ಬಾಳೆಗೊನೆ. ಮೂರನೆಯ ಸಲ ನಿಲ್ಲಿಸಿದಾಗ ತಿರುಪು ಬಂದು ನಿಂತದ್ದು ನಾನು ಒಬ್ಬಳೇ ಹೋಗುವಾಗ ಇಟ್ಟುಕೊಳ್ಳಬೇಕೆಂದಿದ್ದ ಬಿಗಿಗೇ. ಕಾರು ರಸ್ತೆಯನ್ನು ಕಚ್ಚಿಕೊಂಡಿತು. ಅತ್ತೆಯವರು ಕಣ್ಣು ಬಿಟ್ಟು ಕುಳಿತರು. ಯಶೋದಮ್ಮನವರ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡರು, ಮಾವನವರು ಎತ್ತರದ ಗಾಡಿಯ ಮಾತೆತ್ತಿದಾಗ ಎಲ್ಲರ ಮುಂದೆಯೇ, “ಈ ಕಾರ ಮಾರುದ್ರೆ ನಾನೂ ಅದ್ರ ಜೊತೇಲೇ ಓಯ್ತೀನಿ,” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಕಾರು ಉಳಿಯಿತು, ಮಾನ್ಯರೇ. ಮುಕ್ಕಾಲು ಗಂಟೆ ಉಳಿಯಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ತಮ್ಮ ಪಕ್ಕದಲ್ಲಿ ಅತ್ತೆಯವರು ಕೈಚೀಲ ಹಿಡಿದು ನಿಂತಿದ್ದರು. ಮನೆಯಲ್ಲೇ ಹತ್ತಿದರೆ ಎಲ್ಲಿಗೆ, ಏಕೆ ಎಂದು ಮಾವನವರು ಕೇಳುತ್ತಾರೆ. ಊರಿಗೆಲ್ಲ ನಾನು ಕಾರು ನಿಧಾನ ಮಾಡಲೇಬೇಕಾದ ಜಾಗ ತಮ್ಮ ಸನ್ನಿಧಿಯೊಂದೇ. ಬಾಗಿಲು ತೆಗೆದರು, ಕುಳಿತರು. ಮೊದಲ ದಿನ ಕಣ್ಣಿನ ಡಾಕ್ಟರು ಎಂದರು, ಎರಡನೆಯ ದಿನ ಪಿರಿಯಾಪಟ್ಟಣದಲ್ಲಿ ಅವರೆಕಾಯಿ ಚೆನ್ನಾಗಿದೆಯಂತೆ ಎಂದರು. ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟರು. ಮಧ್ಯಾಹ್ನದ ಬಸ್ಸಿಗೆ ಅವರೇ ಹಿಂದಿರುಗುತ್ತಾರೆ. ನನಗೆ ಸಿಟ್ಟು ಬಂತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆದರೆ ಹುಣಸೂರಿನ ಕೊನೆಯ ಮನೆ ದಾಟಿದ ಮೇಲೆ ಅತ್ತೆಯವರು “ಈಗ ಓಡ್ಸು” ಎನ್ನುತ್ತಾರೆ. ತಿರುವು ಬಂದಾಗ ಮೇಲಿನ ಹಿಡಿ ಹಿಡಿದುಕೊಂಡು, ಕಾರು ವಾಲದೆ ತಿರುಗಿದಾಗ ಮುಖ ಆಚೆ ಮಾಡಿ ನಗುತ್ತಾರೆ. ಸಾರಿನ ಮಾತಾಡುವುದಿಲ್ಲ, ಉಪ್ಪಿನ ಮಾತಾಡುವುದಿಲ್ಲ. ಮೊನ್ನೆ ತಾವಾಗಿಯೇ, “ಮದ್ವೆ ಆದಾಗಿಂದ ಎಲ್ಗಾದ್ರೂ ಓಗ್ಬೇಕಂದ್ರೆ ಸಾವೋ ಮದ್ವೆನೋ ಆಗ್ಬೇಕಿತ್ತು ಕಣೆ. ಸುಮ್ನೆ ಓಗದು ಇಂಗಿರ್ತದೆ ಅಂತ ಗೊತ್ತಿರ್ಲಿಲ್ಲ. ಮನೇಲಿ ಯಾರ್ಗೂ ಏಳ್ಬೇಡ,” ಎಂದರು. ನಾನು ಗೇರು ಬದಲಿಸಿದೆ. ನನ್ನಂತೆ ಅವರೂ ಆ ಹೊತ್ತಿನಲ್ಲಿ ಯಾರ ಅತ್ತೆಯೂ ಅಲ್ಲ.

ಈ ಕಾರಣದಿಂದ, ತಾವು ನಾಲ್ಕು ಬೆರಳು ತಗ್ಗಬೇಕೆಂಬ ನನ್ನ ಹಿಂದಿನ ಬೇಡಿಕೆಯನ್ನು ವಾಪಸು ಪಡೆಯುತ್ತಿದ್ದೇನೆ. ಅದರ ಬದಲು, ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ತಾವು ಪೂರ್ತಿ ನೆಲಸಮವಾಗಿ, ನಾನು ಬ್ರೇಕು ಮುಟ್ಟದೆ ದಾಟಿಹೋಗಲು ಅನುವು ಮಾಡಿಕೊಡಬೇಕೆಂದೂ, ಮಿಕ್ಕ ದಿನಗಳಲ್ಲಿ ಈಗಿನ ಎತ್ತರದಲ್ಲೇ ಇದ್ದು ಅತ್ತೆಯವರನ್ನು ಹತ್ತಿಸಿ ಕಳಿಸಬೇಕೆಂದೂ ಕೋರುತ್ತೇನೆ.

ದಿನಕ್ಕೆರಡು ಬಾರಿ ತಮ್ಮೆದುರು ಎರಡನೇ ಗೇರಿನಿಂದ ಮೊದಲನೆಯದಕ್ಕೆ ಇಳಿಯುವ,
ತಮ್ಮ ವಿಶ್ವಾಸಿ,
ಹರ್ಷಿತಾ

ಮರೆತ ಮಾತು: ನಿನ್ನೆ ಬೆಳಿಗ್ಗೆ ಅತ್ತೆಯವರ ಪಕ್ಕದಲ್ಲಿ ನೆರೆಮನೆಯ ಸಣ್ಣತಾಯಮ್ಮನವರೂ ಕೈಚೀಲ ಹಿಡಿದು ನಿಂತಿದ್ದರು. ಹಿಂದಿನ ಸೀಟು ಖಾಲಿಯಿರುವ ವಿಷಯವನ್ನು ಅವರಿಗೆ ಮುಟ್ಟಿಸಿದವರು ತಾವಲ್ಲವೆಂದು ನಂಬಿದ್ದೇನೆ. ಕಾಲೇಜು ತಲುಪುವಷ್ಟರಲ್ಲಿ ಅವರು ನನಗೆ ತಿಳಿಸಿದ್ದೇನೆಂದರೆ, ಅವರಿಗೆ ಕಾರು ಮೆತ್ತಗಿದ್ದರೇ ಆಗುವುದಂತೆ.